ರೋಗಿಷ್ಠೆಗೆ ಹಗುರದ ಕೆಲಸ

“ಅಮ್ಮಾ, ಇವತ್ತಿಂದ ನನ್ನ ಪಿಕಿಂಗಿಗೆ ಹಾಕಿ.”

ಹೋದ ಸೋಮವಾರ ಬೆಳಿಗ್ಗೆ ಜಾನಕಿ ಹೀಗಂದಾಗ ನಾನು ನಕ್ಕುಬಿಟ್ಟೆ. ರೈಟರ್ ಅಯ್ಯಪ್ಪನೂ ನಕ್ಕ. (ಬಿಟ್ಟಂಗಾಲದ ನಮ್ಮ ತೋಟದಲ್ಲಿ ಕೆಲಸ ಹಂಚುವವನು ಅವನೇ. ನಾನು ಹೆಸರಿಗೆ ಓನರ್.) ಜಾನಕಿಗೆ ಉಬ್ಬಸ. ಇನ್ಹೇಲರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಓಡಾಡುವವಳು. ಅವಳು ಗುಡ್ಡ ಹತ್ತಿ ಕಾಫಿ ಕೊಯ್ಯುತ್ತಾಳಂತೆ!

“ನೀನು ರೋಗಿಷ್ಠೆ ಮಾರಾಯ್ತಿ. ಸುಮ್ಮನೆ ಕಣದಲ್ಲೇ ಇರು” ಅಂದೆ.

ರೋಗಿಷ್ಠೆ. ಎಂಥ ಶಬ್ದ ನೋಡಿ! ರೋಗಿ ಆಸ್ಪತ್ರೆಗೆ ಹೋಗುತ್ತಾನೆ, ಗುಣವಾಗಿ ಮನೆಗೆ ಬರುತ್ತಾನೆ. ರೋಗಿಷ್ಠ ಹಾಗಲ್ಲ, ಅವನು ಪರ್ಮನೆಂಟ್. “ಹುಡುಗ ಒಳ್ಳೆಯವನೇ, ಆದರೆ ಸ್ವಲ್ಪ ರೋಗಿಷ್ಠ” ಎಂದು ದನಿ ತಗ್ಗಿಸಿ ಹೇಳುತ್ತೇವೆ. ಆಮೇಲೆ ಆ ಮನುಷ್ಯನನ್ನು ಯಾರೂ ಏನೂ ಕೇಳುವುದಿಲ್ಲ. ಕೇಳುವುದೇನಿದೆ, ಎಲ್ಲಾ ಗೊತ್ತಿದೆಯಲ್ಲ?

ಜಾನಕಿ ಮಾತ್ರ ಜಗ್ಗಲಿಲ್ಲ. “ಕಣದಲ್ಲೇ ಅಮ್ಮಾ ನಂಗೆ ಜಾಸ್ತಿ ಆಗೋದು. ಒಣಗಿದ ಕಾಫಿ ತಿರುವಿ ಹಾಕುವಾಗ ಧೂಳು ಏಳ್ತದಲ್ಲ? ಭಾನುವಾರ ಸೌದೆಗೆ ಗುಡ್ಡ ಹತ್ತಿದ್ರೂ ಏನೂ ಆಗಲ್ಲ. ಡಾಕ್ಟ್ರೂ ಹೇಳಿದ್ರು, ಧೂಳಿಂದ ದೂರ ಇರು ಅಂತ.”

“ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ಹಗುರದ ಕೆಲಸ ಅಂತ ನೀವೇ ಕೊಟ್ಟಿದ್ರಿ. ಬೇಡ ಅಂದ್ರೆ ಇದ್ದದ್ದೂ ಹೋದ್ರೆ?”

ನಾಚಿಕೆಯಾಯಿತು. ಎಂಟು ವರ್ಷ! ಕರುಣೆ ತೋರಿಸುತ್ತೇವೆಂದು ಅವಳನ್ನು ಧೂಳಿನ ನಡುವೆ ನಿಲ್ಲಿಸಿದವರು ನಾವು. ಸಂಜೆ ಅವಳು ಏದುಸಿರು ಬಿಟ್ಟರೆ “ಪಾಪ, ರೋಗಿಷ್ಠೆ” ಅಂದವರೂ ನಾವೇ. ಒಂದು ದಿನವಾದರೂ ‘ನಿನಗೆ ಎಲ್ಲಿ ಆರಾಮ?’ ಎಂದು ಕೇಳಿದ್ದೆನಾ? ಇಲ್ಲ.

ಅವತ್ತೇ ಪಿಕಿಂಗಿಗೆ ಹೋದಳು. ಉಬ್ಬಸವೇನೂ ಮಾಯವಾಗಿಲ್ಲ. ಏರು ಬಂದಲ್ಲಿ ನಿಂತು ಸುಧಾರಿಸಿಕೊಳ್ಳುತ್ತಾಳೆ. ಆದರೆ ಈ ಆರು ದಿನಗಳಲ್ಲಿ ಇನ್ಹೇಲರಿನ ಗಂಟು ಬಿಚ್ಚಿದ್ದು ಒಂದೇ ಸಲ. ನಿನ್ನೆ ‘ಪಾಪ’ ಅಂತ ಅವಳ ಕಾಫಿ ಚೀಲ ತಾನು ಹೊರಲು ಹೋದ ಅಯ್ಯಪ್ಪ ಚೆನ್ನಾಗಿ ಬೈಸಿಕೊಂಡು ಬಂದ. ಅಷ್ಟು ಬೈಯಲು ಉಸಿರಿದೆಯಲ್ಲ ಎಂದು ನನಗೆ ಖುಷಿಯೋ ಖುಷಿ.

ನಿಮ್ಮ ಮನೆಯಲ್ಲೂ ಒಬ್ಬರು ‘ರೋಗಿಷ್ಠ’ರು ಇರಬೇಕಲ್ಲ, ಅವರನ್ನು ನೀವು ಎಲ್ಲಿ ಕೂರಿಸಿದ್ದೀರಿ?