ಒದರಿ ಮಾತಾಡುವವರಿಗೂ ಪ್ರಾತಿನಿಧ್ಯ ಬೇಕು

ಕಳೆದ ವರ್ಷದ ಬೇಸಿಗೆ. ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತನಾಗಿ ರಬಕವಿಯಲ್ಲಿ ಕಿವಿ, ಮೂಗು, ಗಂಟಲಿನ ಸ್ವಂತ ದವಾಖಾನೆ ತೆರೆದು ಎರಡು ವರ್ಷವಾಗಿತ್ತು. ಒಂದು ಬೆಳಿಗ್ಗೆ ಐವತ್ತೆರಡು ವರ್ಷದ ಸಿದ್ರಾಮಪ್ಪ ಎಂಬ ಪವರ್‌ಲೂಮ್ ನೇಕಾರರು ಕಾಲೇಜು ಓದುವ ಮಗಳು ರೇಣುಕಾಳ ಜೊತೆ ಬಂದರು. ಕೂರುವ ಮೊದಲೇ ಫೋನು ನನ್ನ ಮುಖಕ್ಕೆ ಹಿಡಿದರು.

“ಸಾಹೇಬ್ರ, ನನ್ನ ಕಿವಿ ಛಲೋ ಅದಾವಂತ ಒಂದ್ ಚೀಟಿ ಬರದ ಕೊಡ್ರಿ!”

ಅಬ್ಬಾ, ಆ ದನಿಗೆ ಹೊರಗೆ ಕೂತಿದ್ದವರೆಲ್ಲ ಇಣುಕಿದರು.

ಸಿನಿಮಾದಲ್ಲಿ ನಮ್ಮಂಥವರೂ ಕಾಣಬೇಕು ಎಂಬ ಬೇಡಿಕೆಯನ್ನು ಅಣಕಿಸುವ ಮೀಮ್‌ಗಳು ಆಗ ಎಲ್ಲರ ಫೋನಿನಲ್ಲಿ ಹರಿದಾಡುತ್ತಿದ್ದವು. ‘ಕಿಟಕಿಯಿಂದ ಟವಲ್ ಒಗೆದು ಬಸ್ಸಿನ ಸೀಟು ಹಿಡಿಯುವವರಿಗೂ ಪ್ರಾತಿನಿಧ್ಯ ಬೇಕು’ ಎಂಬುದಕ್ಕೆ ನಾನೇ ನಕ್ಕಿದ್ದೆ. ಈ ಫೋನಿನಲ್ಲಿದ್ದದ್ದೂ ಅಂಥದೇ ಮೀಮ್, ಬಾಯಿ ಅಗಲಿಸಿದ ಸಿದ್ರಾಮಪ್ಪನವರ ಫೋಟೊ. ಕೆಳಗೆ, ‘ಸಿನಿಮಾದಾಗ ಬರೇ ಪಿಸುಗುಡೂ ಹೀರೋಗಳು. ಒದರಿ ಮಾತಾಡೂ ಮಗ್ಗದ ಮಂದಿಗೂ ಪ್ರಾತಿನಿಧ್ಯ ಬೇಕು!’

ಮಾಡಿದವಳು ರೇಣುಕಾಳೇ. ಮಗ್ಗದ ಶೆಡ್ಡಿನ ಮಾಲೀಕರು ಅದನ್ನು ನೋಡಿ, ಇಷ್ಟು ಒದರುವವನಿಗೆ ಕಿವಿ ಮಂದವೇ ಇರಬೇಕೆಂದು, ‘ಕಿವಿ ಕೇಳದಾಂವನ್ನ ಮಗ್ಗದ ಮುಂದ ನಿಲ್ಲಸಂಗಿಲ್ಲ, ಡಾಕ್ಟರ್ ಚೀಟಿ ತಾ’ ಅಂದಿದ್ದರು. ಮೂವತ್ತು ವರ್ಷದ ಕೆಲಸ ಒಂದು ತಮಾಷೆಯಿಂದ ಹೋಗುವಂತಿತ್ತು. ಹುಡುಗಿ ತಲೆ ಎತ್ತಲಿಲ್ಲ.

ನಾನು ಮೆತ್ತಗೆ ಹತ್ತಾರು ಪ್ರಶ್ನೆ ಕೇಳಿದೆ. ಎಲ್ಲಕ್ಕೂ ಥಟ್ಟನೆ ಸರಿಯುತ್ತರ. ಚೀಟಿ ಬರೆದುಬಿಡೋಣ ಅನ್ನಿಸಿತು. ಆದರೂ ಪದ್ಧತಿಯಂತೆ ಆಡಿಯೋಮೆಟ್ರಿ ಮಾಡಿದೆ. ಹೆಡ್‌ಫೋನಿನಲ್ಲಿ ಬಗೆಬಗೆಯ ಸದ್ದು ಕೇಳಿಸಿ ಕಿವಿಯ ಶಕ್ತಿ ಅಳೆಯುವ ಪರೀಕ್ಷೆ ಅದು. ಇಪ್ಪತ್ತೈದು ಡೆಸಿಬಲ್‌ನ ಸಣ್ಣ ಸದ್ದು ಕೇಳಿಸಿದರೆ ಕಿವಿ ಸರಿ ಎಂದು ಲೆಕ್ಕ. ಇವರಿಗೆ ಅರವತ್ತೈದರ ತನಕ ಏನೂ ಕೇಳಿಸಲಿಲ್ಲ, ಎರಡೂ ಕಿವಿಗೆ!

ಯಂತ್ರ ಕೆಟ್ಟಿರಬೇಕೆಂದು ನಾನೇ ಹೆಡ್‌ಫೋನ್ ಹಾಕಿಕೊಂಡೆ. ಯಂತ್ರ ಸರಿಯಿತ್ತು. ಹಾಗಾದರೆ ನನ್ನ ಮೆಲುದನಿ ಇವರಿಗೆ ಹೇಗೆ ಕೇಳಿಸಿತು? ತಲೆ ಕೆರೆದುಕೊಂಡೆ.

“ಮಗ್ಗದ ಸಪ್ಪಳಕ್ಕ ಶೆಡ್ಡಿನ್ಯಾಗ ಯಾರಿಗೂ ಏನೂ ಕೇಳಸಂಗಿಲ್ರಿ ಸರ್,” ಎಂದಳು ರೇಣುಕಾ. “ಎಲ್ಲಾರೂ ತುಟಿ ನೋಡೇ ಮಾತಾಡ್ತಾರ.”

ಎಂಥ ಪೆದ್ದ ನಾನು! ಇಷ್ಟು ಹೊತ್ತೂ ಅವರ ಎದುರಿಗೇ ಕೂತು ಮಾತಾಡಿದ್ದೆ. ಅವಳನ್ನು ಅಪ್ಪನ ಹಿಂದೆ ನಿಲ್ಲಿಸಿ, ಏನಾದರೂ ಮಾತಾಡು ಎಂದೆ.

ಅವಳು, “ಅಪ್ಪಾ, ನನ್ನ ತಪ್ಪಾತು,” ಎಂದಳು.

ಸಿದ್ರಾಮಪ್ಪ ತಿರುಗಲಿಲ್ಲ. ಅವಳು ಮತ್ತೆ ಅಂದಳು. ನನ್ನ ಮುಖ ಬದಲಾದದ್ದನ್ನು ಕಂಡು ಅವರೇ ಕೇಳಿದರು, “ಯಾಕ್ರಿ ಸಾಹೇಬ್ರ, ಏನಾತು?”

ನಾನು ಹಿಂದಕ್ಕೆ ಕೈ ತೋರಿಸಿದೆ. ಅವರು ತಿರುಗಿದಾಗ ಅವಳು ಅಳುತ್ತ ಮೂರನೆಯ ಸಲ ಜೋರಾಗಿ ಕೂಗಿ ಹೇಳಿದಳು.

“ಒದರಬ್ಯಾಡ ನನ್ನವ್ವ,” ಎಂದರು, “ಕಾಣಸಾಕತ್ತೈತಿ.”

ಅವರು ಬಯಸಿದ ಚೀಟಿ ನಾನು ಬರೆಯಲಿಲ್ಲ. ಮಗ್ಗದ ಸದ್ದಿನಿಂದ ಕಿವಿ ಮಂದವಾಗಿದೆ, ಕಣ್ಣಿನಿಂದಲೇ ಕೆಲಸ ನಡೆಸಬಲ್ಲರು, ಇನ್ನು ಮುಂದೆ ಕಿವಿಗೆ ರಕ್ಷಣೆ ಬೇಕು ಎಂದು ಬರೆದೆ. ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಅಳುಕಿತ್ತು. ಮೂರನೆಯ ದಿನ ಆ ಚೀಟಿ ಹಿಡಿದು ಮಾಲೀಕರೇ ಬಂದರು. “ಅಂವ ಕೆಲಸದಾಗ ಇರ್ಲಿ ಬಿಡ್ರಿ,” ಎಂದು ನನ್ನ ತುಟಿಯನ್ನೇ ದಿಟ್ಟಿಸುತ್ತ ಕೂತರು, “ಮೊದಲ ನನ್ನ ಕಿವಿ ನೋಡ್ರಿ.”

ಎದುರಿಗೆ ಕೂತು ಕೇಳಿದ್ದಷ್ಟನ್ನೇ ನಂಬಬಾರದೆಂದು ಇಷ್ಟು ವರ್ಷದ ಮೇಲೆ ಕಲಿತೆ. ಈಗ ನೇಕಾರರು ಯಾರೇ ಬಂದರೂ ಮೊದಲು ಅವರ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆಯುತ್ತೇನೆ. ತಿರುಗಿ ನೋಡುವವರು ಕಡಿಮೆ.