ಟೈಲರಕ್ಕ ಮಗಳಿಗೆ ಹೊಲಿದ ಅಂಗಿ

ನಮ್ಮಕ್ಕನನ್ನು ಬೀದಿಯಲ್ಲಿ ಎಲ್ಲರೂ ಕರೆಯುವುದು ಟೈಲರಕ್ಕ ಅಂತಲೇ. ಗೂನುಬೆನ್ನಿನವರೂ ನೆಟ್ಟಗೆ ಕಾಣುವ ಹಾಗೆ ಹೊಲಿಯುತ್ತಾಳೆ. ನಾಲಿಗೆ ಮಾತ್ರ ಕತ್ತರಿಗಿಂತ ಹರಿತ. ಅಂಥ ಗಟ್ಟಿಗಿತ್ತಿ ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೋಳಿಮರಿಯ ಹಾಗೆ ಮುದುಡಿ ಕೂತಿದ್ದಳು. ಪಕ್ಕದಲ್ಲಿ ನಾನು. ಅವಳ ಮಗಳು ಒಳಗೆ ಸ್ಕ್ಯಾನಿಂಗ್ ಕೋಣೆಯಲ್ಲಿದ್ದಳು.

ಮಗಳಿಗೆ ಹದಿನೇಳು. ನನಗಿಂತ ಎತ್ತರ ಬೆಳೆದಿದ್ದರೂ ನಮಗೆ ಅವಳು ಪುಟ್ಟಿಯೇ. ಇನ್ನೂ ಮೈನೆರೆದಿರಲಿಲ್ಲ. "ಕೆಲವರಿಗೆ ತಡ ಕಣೇ, ಸುಮ್ನಿರು" ಅಂತ ಅಕ್ಕ ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಎದೆಯೂ ಬೆಳೆದಿಲ್ಲ ಅನ್ನುವುದು ನನಗೆ ಗೊತ್ತೇ ಆಗಲಿಲ್ಲ. ಹೇಗೆ ಗೊತ್ತಾಗಬೇಕು? ಯೂನಿಫಾರಂ, ಮನೆಯ ಅಂಗಿ, ಏನೇ ಹೊಲಿಯುವಾಗಲೂ ಈ ಮಹಾತಾಯಿ ಒಳಗೆ ಸ್ಪಂಜಿನ ಪದರ ಸೇರಿಸಿ, ವರ್ಷವರ್ಷವೂ ಅದನ್ನು ತುಸು ದಪ್ಪ ಮಾಡುತ್ತಾ ಬಂದಿದ್ದಳು. ಶಾಲೆಯವರು, ನೆಂಟರು, ನಾನು, ಎಲ್ಲರೂ ಹುಡುಗಿ ವಯಸ್ಸಿಗೆ ತಕ್ಕ ಹಾಗೆ ಬೆಳೆಯುತ್ತಿದ್ದಾಳೆ ಅಂದುಕೊಂಡೆವು. ಊರವರ ಕಣ್ಣಿಗೆ ಮಣ್ಣೆರಚಲು ಹೋಗಿ ಅಕ್ಕ ತನ್ನ ಕಣ್ಣಿಗೂ ಎರಚಿಕೊಂಡಳು. ನನಗೆ ಈಗಲೂ ಅವಳ ಮೇಲೆ ಸಿಟ್ಟಿದೆ.

ಕೊನೆಗೆ ನಾನೇ ಹಟ ಹಿಡಿದು ಇಬ್ಬರನ್ನೂ ಆಸ್ಪತ್ರೆಗೆ ಹೊರಡಿಸಿದೆ. ಮೊದಲ ಸಲ ಪರೀಕ್ಷೆಗೆ ಪುಟ್ಟಿ ಅಂಗಿ ಬಿಚ್ಚಿದಾಗಲೇ ಡಾಕ್ಟರಮ್ಮನಿಗೆ ಸ್ಪಂಜಿನ ಗುಟ್ಟು ತಿಳಿಯಿತು. ರಕ್ತ ತೆಗೆದು, ಗಂಡು ಹೆಣ್ಣಿನ ಗುರುತು ಹೇಳುವ ಕ್ರೋಮೋಸೋಮ್ ಪರೀಕ್ಷೆಗೆ ಕಳಿಸಿದರು. ಅಲ್ಲಿಂದ ಅಕ್ಕನಿಗೆ ಅನ್ನ ಸೇರಲಿಲ್ಲ. ಯಾರದೋ ಅಂಗಿಗೆ ಎರಡೂ ಕಡೆ ಎಡತೋಳನ್ನೇ ಕೂರಿಸಿದಳು. ನಕ್ಕೆ, ಆದರೆ ಆ ತೋಳಿನ ಹೊಲಿಗೆ ಬಿಚ್ಚಲು ಹೋಗಿ ನಾನೂ ಬಟ್ಟೆ ಹರಿದೆ.

ಸ್ಕ್ಯಾನಿಂಗ್ ಮುಗಿದು ಪುಟ್ಟಿ ಬಟ್ಟೆ ಹಾಕಿಕೊಳ್ಳುವಷ್ಟರಲ್ಲಿ ಅಕ್ಕ ನನ್ನನ್ನೂ ಎಳೆದುಕೊಂಡು ಡಾಕ್ಟರಮ್ಮನ ಕೋಣೆಗೆ ನುಗ್ಗಿದಳು.

"ಅವಳೂ ಬರಲಿ ತಡೀರಿ" ಎಂದರು ಅವರು.

"ಮೊದಲು ನಂಗೆ ಹೇಳಿ. ನನ್ ಮಗು ಹೆಣ್ಣು ತಾನೇ?"

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ಹೆಣ್ಣೇ. ಗರ್ಭಕೋಶ ಇದೆ, ಚಿಕ್ಕದು. ಆದ್ರೆ ಕ್ರೋಮೋಸೋಮ್ ಸಾಮಾನ್ಯವಾಗಿ ಗಂಡುಮಕ್ಕಳಲ್ಲಿ ಇರೋ ಥರ ಇದೆ. ಅಂಡಾಶಯ ಬೆಳೆದೇ ಇಲ್ಲ. ಆ ಜಾಗದಲ್ಲಿರೋದು ಕೆಲಸ ಮಾಡಲ್ಲ, ಅದರಲ್ಲಿ ಗಡ್ಡೆ ಬೆಳೆಯೋ ಅಪಾಯ ಇದೆ. ಎಡಗಡೆ ಈಗಾಗ್ಲೇ ಏನೋ ಕಾಣ್ತಿದೆ. ಬೇಗ ಆಪರೇಷನ್ ಮಾಡಿ ತೆಗೀಬೇಕು."

"ಕ್ಯಾನ್ಸರಾ?" ಕೇಳಿದ್ದು ನಾನು.

"ತೆಗೆದು ನೋಡೋವರ್ಗೂ ಹೇಳಕ್ಕಾಗಲ್ಲ. ಆಮೇಲೆ ಮಾತ್ರೆ ಕೊಟ್ರೆ ಮೈ ಬೆಳೆಯುತ್ತೆ, ಮುಟ್ಟೂ ಆಗುತ್ತೆ. ಎರಡು ವರ್ಷ ಮುಂಚೆನೇ ಕರ್ಕೊಂಡು ಬರಬೇಕಿತ್ತು."

ಅಕ್ಕ ಎರಡೂ ಕೈ ಮುಗಿದಳು. "ಅವಳಿಗೆ ಇದೆಲ್ಲ ಹೇಳ್ಬೇಡಿ ಡಾಕ್ಟ್ರೇ. ಅಪೆಂಡಿಕ್ಸು ಅಂದ್ಬಿಡಿ."

"ಸುಳ್ಳು ಹೇಳಲ್ಲಮ್ಮ. ಮೈ ಅವಳದು."

ಬಾಗಿಲ ಕಡೆ ಯಾರೋ ಉಸಿರೆಳೆದ ಸದ್ದಾಯಿತು. ಪುಟ್ಟಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ! ಅವಳು ಗಡ್ಡೆಯ ಬಗ್ಗೆ ಕೇಳಲಿಲ್ಲ, ಅಮ್ಮನ ಕಡೆ ನೋಡಲೂ ಇಲ್ಲ.

"ಚಿಕ್ಕಮ್ಮಾ, ಅಮ್ಮ ಇನ್ಮೇಲೂ ನನ್ನನ್ನ ಮಗಳು ಅಂತಾಳಾ?"

ನಾವೆಲ್ಲ ಊರವರ ಬಾಯಿಗೆ ಹೆದರಿದ್ದೆವು. ಈ ಕೂಸು ಇಷ್ಟು ವರ್ಷ ಹೆದರಿದ್ದು ಹೆತ್ತವಳಿಗೆ.

ಅಕ್ಕ ಎದ್ದು ಹೋಗಿ ಅವಳ ಕೆನ್ನೆಗಳನ್ನು ಎರಡೂ ಅಂಗೈಯಲ್ಲಿ ಹಿಡಿದಳು. "ಇನ್ನೇನಂತ ಕರೀಲಿ, ಮಂಕೇ?"

"ಆಪರೇಷನ್ ಮಾಡೋವಾಗ ಹೊರಗಡೆನೇ ಇರ್ತೀಯಾ?"

"ಬಾಗಿಲಲ್ಲೇ ಕೂತಿರ್ತೀನಿ."

ಅಷ್ಟು ಹೇಳಿ ಅಕ್ಕ, ಪುಟ್ಟಿ ಅವಸರದಲ್ಲಿ ತಪ್ಪಾಗಿ ಹಾಕಿಕೊಂಡಿದ್ದ ಅಂಗಿಯ ಮೇಲಿನ ಗುಂಡಿಯನ್ನು ಬಿಚ್ಚಿ ಸರಿಯಾಗಿ ಹಾಕಿದಳು.