ಎಣ್ಣೆ ಇಳಿಯದ ಗರಗಸ

ಆಳು ಸಣಕಲು, ಮೈ ನೆಟ್ಟಗೆ, ತಲೆಗೂದಲು ಮಾತ್ರ ಈ ವಯಸ್ಸಿಗೂ ಕಪ್ಪು. ಸ್ವಲ್ಪ ಗೀರಿದರೆ ಸಾಕು, ಭಗ್ಗೆಂದು ಹತ್ತಿಕೊಳ್ಳುತ್ತಿದ್ದ. ಬೀದಿಯವರು ಬೆಂಕಿಕಡ್ಡಿ ಎಂದು ಹೆಸರಿಟ್ಟಿದ್ದರು. ಒಣಮರ ಕೊಯ್ದು ಸೌದೆ ಮಾಡಿ ಮಾರುವುದು ಅವನ ಕಸುಬಾದ್ದರಿಂದ, ಸೌದೆಯ ಜೊತೆ ಕಡ್ಡಿಯೂ ಪುಕ್ಕಟೆ ಬರುತ್ತದೆ ಎಂದು ಗಿರಾಕಿಗಳು ನಗುತ್ತಿದ್ದರು. ನಗುತ್ತಿದ್ದುದು ಅವನು ಬೀದಿಯ ತಿರುವು ದಾಟಿದ ಮೇಲೆ. ನಮ್ಮಂಥ ಪುಕ್ಕಲರೇ ಎಲ್ಲ ಕಡೆಯೂ ಹೆಚ್ಚು.

ಯಂತ್ರಗಳ ಬಗ್ಗೆ ಬೆಂಕಿಕಡ್ಡಿಗೆ ಒಂದು ಸಿದ್ಧಾಂತವಿತ್ತು. ಯಂತ್ರ ತಾನಾಗಿ ಕೆಡುವುದಿಲ್ಲ, ಯಾರೋ ಕೆಡಿಸುತ್ತಾರೆ. ಆದ್ದರಿಂದ ಏನೇ ಕೆಟ್ಟರೂ ಅವನು ಮೊದಲು ಹುಡುಕುತ್ತಿದ್ದುದು ಮನುಷ್ಯನನ್ನು. ಸ್ಕ್ರೂಡ್ರೈವರ್ ಆಮೇಲೆ.

ಅವತ್ತು ಕೆಲಸವಿದ್ದದ್ದು ಬೇಕರಿಯ ಹಿಂದಿನ ಓಣಿಯಲ್ಲಿ. ಒಲೆಯ ಹೊಗೆಗೂಡಿನ ಕಡೆಗೇ ವಾಲಿಕೊಂಡು ಒಂದು ಒಣಮರ ನಿಂತಿತ್ತು. ಅದನ್ನು ಕೆಡವಿ, ಸೀಳಿ, ಅದೇ ಒಲೆಗೆ ಸೌದೆ ಮಾಡಿಕೊಡಬೇಕು. ವಾಲಿದ ಕಡೆಗೆ ಬಿಟ್ಟರೆ ಹೊಗೆಗೂಡು, ಬೇಕರಿಯ ಗೋಡೆ, ಒಳಗೆ ಹಿಟ್ಟು ನಾದುವವರು ಎಲ್ಲರ ಕಥೆಯೂ ಮುಗಿಯುತ್ತದೆ. ಅದಕ್ಕೇ ಮರದ ಮೇಲ್ಭಾಗಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಆಚೆಯ ಖಾಲಿ ಸೈಟಿನ ತುದಿಯಲ್ಲಿ, ಮರ ಬಿದ್ದರೂ ತಾಗದಷ್ಟು ದೂರದ ಕಬ್ಬಿಣದ ಕಂಬಕ್ಕೆ ಸುತ್ತಿ, ಇವನು ಕೊಯ್ದ ಹಾಗೆಲ್ಲ ಅಲ್ಲಿ ಒಬ್ಬ ಎಳೆದು ಬಿಗಿ ಮಾಡುತ್ತಿರಬೇಕು. ಆ ಒಬ್ಬ ಎಂದರೆ ಭಾವಮೈದುನ, ಹೆಂಡತಿಯ ತಮ್ಮ. ನಲವತ್ತು ದಾಟಿದ, ದಪ್ಪನೆಯ, ನಿಧಾನದ ಮನುಷ್ಯ. ಭಾವನ ಬೈಗುಳವನ್ನು ಮಳೆಯಲ್ಲಿ ನಿಂತ ಎಮ್ಮೆಯ ಹಾಗೆ ಇಷ್ಟು ವರ್ಷ ಮೈಮೇಲೆ ಸುರಿಸಿಕೊಂಡವನು.

ಬೀಳಬೇಕಾದ ಕಡೆ ಬೆಂಕಿಕಡ್ಡಿ ಮರದ ಬುಡದಲ್ಲಿ ಕಚ್ಚು ಕೊಯ್ದು ಬಾಯಿ ತೆಗೆದ. ಹಿಂದಿನಿಂದ ಕೊಯ್ಯತೊಡಗಿ ಸ್ವಲ್ಪ ಒಳಗೆ ಹೋಗಿದ್ದನಷ್ಟೆ, ಮೋಟಾರು ಗರಗಸದ ಸದ್ದು ಬದಲಾಯಿತು. ಕೊಯ್ತದೊಳಗಿಂದ ಹೊಗೆ ಎದ್ದಿತು. ಹಲ್ಲಿನ ಚೈನು ಸುತ್ತುವ ಉದ್ದನೆಯ ಉಕ್ಕಿನ ಪಟ್ಟಿಗೆ ಇವರು ಬಾರ್ ಎನ್ನುತ್ತಾರೆ. ಆ ಬಾರಿನ ಅಂಚು ಕಾದು ನೀಲಿಗಟ್ಟಿತ್ತು. ಅವನು ಮೆಷಿನ್ ಆರಿಸಿದ. ಭಾವಮೈದುನ ಬಂದು, ಬಗ್ಗಿ, ಎರಡೂ ಮುಚ್ಚಳ ತೆಗೆದು ನೋಡಿದ.

"ಪೆಟ್ರೋಲ್ ಅರ್ಧ ಇಳಿದಿದೆ, ಭಾವ. ಎಣ್ಣೆ ತುಂಬಿದ್ದು ತುಂಬಿದ ಹಾಗೇ ಇದೆ. ಚೈನಿಗೆ ಇಳೀತಾನೇ ಇಲ್ಲ."

"ಅದು ನನಗೂ ಕಾಣ್ಸುತ್ತೆ. ನಾನೇನು ಕಣ್ಣು ಮನೇಲಿ ಬಿಟ್ಟು ಬಂದಿದೀನಾ?"

"ಬಾರ್ ಬಿಚ್ಚಿ ನೋಡೋಣ."

"ಬಾರ್ ಬಿಚ್ಚೋ ಮಾತೇ ಬೇಡ. ನಿನ್ನೆ ನಾನೇ ಬಿಚ್ಚಿ, ನಾನೇ ಒರೆಸಿ ಇಟ್ಟಿದ್ದು. ನನ್ನ ಕೈ ಆಡಿದ ಕಡೆ ಕಸ ಇರುತ್ತಾ?"

ಇದು ನಿಜವೇ. ದಿನಾ ಸಂಜೆ ಮೆಷಿನ್ನನ್ನು ಮನೆಯೊಳಗೆ ತಂದು, ಬಾರು ಚೈನು ಬಿಚ್ಚಿ, ಹಲ್ಲುಸೆಟ್ಟು ತೆಗೆದಿಟ್ಟ ಹಾಗೆ ಬೇರೆ ಇಟ್ಟು, ಮೈಯನ್ನು ಒರೆಸಿ ಗೋಣಿಯ ಮೇಲೆ ಮಲಗಿಸುತ್ತಿದ್ದ. ಹೊರಗಿನ ಶೆಡ್ಡಿಗೆ ಬೀಗವಿತ್ತು, ಆದರೆ ಬೀಗ ಮಾಡಿದವನ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ. ಬೆಳಿಗ್ಗೆ ಕತ್ತಲಲ್ಲೇ ಜೋಡಿಸಿಕೊಂಡು ಹೊರಡುತ್ತಿದ್ದ. ಇನ್ನೊಬ್ಬರು ಮುಟ್ಟುವ ಹಾಗಿರಲಿಲ್ಲ. ಎಣ್ಣೆ, ಪೆಟ್ರೋಲ್ ಸುರಿಯುವುದಷ್ಟೇ ಭಾವಮೈದುನನ ಪಾಲು, ಅದೂ ಬೈಸಿಕೊಂಡು.

ಹಾಗಾಗಿ ಮೊದಲ ಆರೋಪಿ ಎಣ್ಣೆ ಅಂಗಡಿಯವನಾದ. ಫೋನಿನಲ್ಲೇ ವಿಚಾರಣೆ ಶುರುವಾಯಿತು.

"ಏನಯ್ಯಾ ಕೊಟ್ಟಿದೀಯ ನಂಗೆ, ಎಣ್ಣೆನಾ, ಅಂಟಾ?"

"ಅದೇ ಡಬ್ಬದಿಂದ ಊರಿಗೆಲ್ಲ ಕೊಟ್ಟಿದೀನಿ. ನಿನಗೊಬ್ಬನಿಗೇ ಬೇರೆ ಮಾಡಿ ಕೊಡೋಕೆ ನೀನೇನು ನನ್ನ ಅಳಿಯನಾ?"

"ಅಳಿಯ ಆಗಿದ್ರೆ ಇಷ್ಟೊತ್ತಿಗೆ ನಿನ್ನ ಅಂಗಡಿಗೇ ಬೆಂಕಿ ಇಡ್ತಿದ್ದೆ!"

"ಅದಕ್ಕೇ ಮಗಳನ್ನ ಬೇರೆ ಕಡೆ ಕೊಟ್ಟೆ," ಎಂದು ಅವನು ಫೋನ್ ಇಟ್ಟ.

ಬೆರಳಿಗೆ ಹಚ್ಚಿಕೊಂಡು ನೋಡಿದರೆ ಎಣ್ಣೆ ಸರಿಯಾಗಿಯೇ ಇತ್ತು. ಸರಿಯಾಗಿದ್ದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಈಗ ಉಳಿದವನು ಪಕ್ಕದಲ್ಲೇ ನಿಂತಿದ್ದ.

"ನೀನೇ. ಸೋಸದೆ ಸುರಿದಿದೀಯ. ಒಳಗೆ ಹೊಟ್ಟು ಹೋಗಿ ಜಾಲರಿ ಕಟ್ಟಿಕೊಂಡಿದೆ."

ಭಾವಮೈದುನ ಒಂದು ಕೊಕ್ಕೆತಂತಿ ಇಳಿಸಿ ಎಣ್ಣೆ ಟ್ಯಾಂಕಿನ ಜಾಲರಿಯನ್ನು ಹೊರಗೆಳೆದ. ಗಾಜಿನ ಹಾಗೆ ಚೊಕ್ಕಟವಾಗಿತ್ತು. ಟ್ಯಾಂಕಿಗೆ ಗಾಳಿ ಹೋಗುವ ಕಿರುತೂತಿಗೆ ಬಾಯಿಟ್ಟು ಊದಿದ. ಗಾಳಿ ಸರಾಗವಾಗಿ ಹೋಯಿತು.

"ಬಾರ್ ಬಿಚ್ಚೋಣ, ಭಾವ."

ಎರಡನೆಯ ಸಲ. ಬೆಂಕಿಕಡ್ಡಿಗೆ ಸಿಟ್ಟು ತಲೆಗೆ ಏರಿತು.

"ನಿನ್ನ ಅಕ್ಕನ್ನ ಕಟ್ಕೊಂಡಿದ್ದು ನನ್ನ ಹಣೆಬರಹ ಅಂತ ಸುಮ್ನಿದೀನಿ. ನಿನ್ನೂ ಕಟ್ಕೊಂಡು ಸಾಯ್ತೀನಿ ಅಂತ ಯಾರಿಗೂ ಬರೆದುಕೊಟ್ಟಿಲ್ಲ. ದಂಡಪಿಂಡ!"

ಎಮ್ಮೆ ಮೊದಲ ಬಾರಿಗೆ ಮೈ ಕೊಡವಿತು. ಭಾವಮೈದುನ ಕಬ್ಬಿಣದ ಕಂಬದ ಹತ್ತಿರ ಹೋಗಿ, ಹಗ್ಗವನ್ನು ಎಳೆದು ಬಿಗಿದು, ಎರಡು ಗಂಟು ಹಾಕಿ, ಗಂಟು ಗಟ್ಟಿಯಿದೆಯೇ ಎಂದು ಜಗ್ಗಿ ನೋಡಿದ. ಆಮೇಲೆ ಕೈಗವಸು ಕಳಚಿ ಕಂಬದ ಬುಡದಲ್ಲಿಟ್ಟ.

"ದಂಡಪಿಂಡ ಹೊರಟ. ಇನ್ನು ಮೇಲೆ ಹಗ್ಗ ನೀವೇ ಹಿಡ್ಕೊಳ್ಳಿ, ಮೆಷಿನ್ನೂ ನೀವೇ ಹಿಡ್ಕೊಳ್ಳಿ."

ಹೋಗೇಬಿಟ್ಟ.

ಅರ್ಧ ಕೊಯ್ದ ಮರವನ್ನು ಬಿಟ್ಟು ಕದಲುವ ಹಾಗಿಲ್ಲ. ಒಬ್ಬನೇ ಕೆಡವುವ ಹಾಗೂ ಇಲ್ಲ. ಗಾಳಿ ಬೀಸಿದಾಗಲೆಲ್ಲ ಕೊಯ್ತದ ಹತ್ತಿರ ಸಣ್ಣಗೆ ಕಿರ್ರೆನ್ನುತ್ತಿತ್ತು. ಬೇಕರಿಯವನು ಹಿಂಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ಕಾಣಿಸಿಕೊಂಡ.

"ಏನ್ರೀ, ಬೀಳಿಸ್ತೀರೋ, ಅಥವಾ ಅದಾಗೇ ನನ್ನ ತಲೆ ಮೇಲೆ ಬೀಳಲಿ ಅಂತ ಕಾಯ್ತಾ ಇದೀರೋ?"

"ಒಳಗಿರೋರನ್ನೆಲ್ಲ ಮುಂದುಗಡೆಯಿಂದ ಹೊರಗೆ ಕಳಿಸಿ! ನಿಮ್ಮ ತಲೆಯನ್ನೂ ತಗೊಂಡು ಹೋಗಿ!"

ಮರದಿಂದ ದೂರ ಹೋಗಿ, ಗೋಡೆಗೆ ಬೆನ್ನು ಕೊಟ್ಟು, ಬೇರೆ ಗತಿಯಿಲ್ಲದೆ ಬೆಂಕಿಕಡ್ಡಿ ಬಾರ್ ಬಿಚ್ಚಿದ. ಪಂಪಿನಿಂದ ಎಣ್ಣೆ ಹೊರಬರುವ ತೂತು ಬಾರಿನ ಹಿಂದೆ, ಮೆಷಿನ್ನಿನ ಮೈಯಲ್ಲಿರುತ್ತದೆ. ಆ ತೂತು ಇರಲಿಲ್ಲ. ಇದ್ದ ಜಾಗದಲ್ಲಿ ಬೊಟ್ಟು ಇಟ್ಟ ಹಾಗೆ ಏನೋ ಗುಲಾಬಿ ಬಣ್ಣದ್ದು ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದು ಮೂಸಿದ. ಸೋಪು.

ಮನೆಯಲ್ಲಿ ಗುಲಾಬಿ ಸೋಪು ಹಚ್ಚುವವಳು ಒಬ್ಬಳೇ. ಫೋನ್ ಮಾಡಿದ.

"ಅಮ್ಮಾ! ಮೆಷಿನ್ನಿಗೆ ಸೋಪು ತುರುಕಿದ್ದು ನೀನಾ?"

"ಹೂಂ, ನಾನೇ. ಈಗಾದ್ರೂ ಗೊತ್ತಾಯ್ತಲ್ಲ." ಅಮ್ಮನ ದನಿಯಲ್ಲಿ ತಪ್ಪಿತಸ್ಥರ ಕಳೆಯೇ ಇರಲಿಲ್ಲ. "ನನ್ನ ಮಂಚದ ಕೆಳಗೆ ಅದನ್ನ ಮಲಗಿಸ್ತೀಯ. ಮಗು ಉಚ್ಚೆ ಹೊಯ್ದ ಹಾಗೆ ಅದು ಎಣ್ಣೆ ಸೋರಿಸುತ್ತೆ. ಕಾಲು ಜಾರಿ ಬಿದ್ದೆ. ಬಿದ್ದವಳಿಗೆ ಏನಂದೆ? ನೋಡ್ಕೊಂಡು ನಡೆಯೋಕೆ ಏನು ರೋಗ, ಅಂದೆ. ಅದಕ್ಕೇ ನಿನ್ನೆ ನೋಡ್ಕೊಂಡು, ತೂತು ಎಲ್ಲಿದೆ ಅಂತ ಹುಡುಕಿ, ಮುಚ್ಚಿದೆ. ನೆಲ ಬಂದು ನೋಡು, ಒಂದು ತೊಟ್ಟಿಲ್ಲ!"

"ಮೆಷಿನ್ ಸುಟ್ಟುಹೋಗ್ತಿತ್ತು ಕಣಮ್ಮಾ!"

"ನನ್ನ ಸೊಂಟ ಮುರಿದುಹೋಗ್ತಿತ್ತು ಕಣೋ! ಅಂಗಡೀಲಿ ಇನ್ನೊಂದು ಸೊಂಟ ಸಿಗುತ್ತಾ?"

ಬೆಂಕಿಕಡ್ಡಿಯ ಸಿಟ್ಟು ಎಲ್ಲಿಂದ ಬಂದದ್ದು ಎಂಬ ಅನುಮಾನ ಯಾರಿಗಾದರೂ ಇದ್ದಿದ್ದರೆ ಆ ಕ್ಷಣ ತೀರಿಹೋಗುತ್ತಿತ್ತು. ಅಮ್ಮ ಉಸಿರೆಳೆದುಕೊಂಡು ಕೇಳಿದಳು: "ಇದಕ್ಕೂ ಆ ಹುಡುಗನ್ನೇ ಬೈದೆಯಾ?"

ನಲವತ್ತು ದಾಟಿದ ಆ ಹುಡುಗ ಕಳಚಿಟ್ಟ ಕೈಗವಸಿನ ಕಡೆ ಅವನು ನೋಡಿದ. ಅಮ್ಮ ಫೋನ್ ಇಟ್ಟಳು. ಆ ಬೆಳಿಗ್ಗೆ ಎರಡನೆಯವರು.

ತಂತಿಯಿಂದ ಸೋಪನ್ನು ಕೆದಕಿ ತೆಗೆದು, ಬಾರ್ ಜೋಡಿಸಿ, ಓಣಿಯ ಕಡೆ ತಿರುಗಿ ನೋಡಿದರೆ, ಭಾವಮೈದುನ ದೂರ ಹೋಗಿಯೇ ಇರಲಿಲ್ಲ. ಓಣಿಯ ಬಾಯಲ್ಲಿ ಎರಡೂ ಕೈ ಚಾಚಿ ನಿಂತು, ಸೈಕಲ್ಲಿನವನೊಬ್ಬನನ್ನು ಹಿಂದಕ್ಕೆ ಕಳಿಸುತ್ತಿದ್ದ.

"ಏಯ್! ಹೋಗಿಲ್ವಾ?"

"ಕೆಲಸಕ್ಕೆ ನಿಂತಿಲ್ಲ, ಭಾವ. ನಿಮ್ಮ ಮರದ ಕೆಳಗೆ ಯಾರೂ ಸಾಯದಿರಲಿ ಅಂತ ನಿಂತಿದೀನಿ."

"ಸಿಕ್ತು. ತೂತಿಗೆ ಅಮ್ಮ ಸೋಪು ಮೆತ್ತಿದ್ಲು. ಬಾ, ಹಗ್ಗ ಹಿಡಿ."

"ಬಾರ್ ಹಿಂದೆ ತಾನೆ?"

ಬೆಂಕಿಕಡ್ಡಿ ಮೆಷಿನ್ನಿನ ದಾರ ಎಳೆದು ಸ್ಟಾರ್ಟ್ ಮಾಡಿದ. ಎಣ್ಣೆ ಬರುತ್ತದೆಯೇ ಎಂದು ನೋಡಲು, ಕೊಯ್ದ ಮರದ ಬಿಳಿಯ ಚಕ್ಕೆಯೊಂದರ ಕಡೆ ಬಾರಿನ ತುದಿ ತೋರಿಸಿ ಜೋರು ಕೊಟ್ಟ. ಮೊದಲು ಏನೂ ಇಲ್ಲ. ಆಮೇಲೆ ಒಂದು ನೊರೆ. ಕೊನೆಗೆ ಚಕ್ಕೆಯ ಮೇಲೆ ತೆಳ್ಳನೆಯ ಎಣ್ಣೆಗೆರೆ ಮೂಡಿತು. ಆ ಆರ್ಭಟದೊಳಗೇ, ಗೆರೆಯನ್ನೇ ನೋಡುತ್ತಾ, ಅವನ ತುಟಿ ಏನೋ ಅಂದಿತು.

ಭಾವಮೈದುನ ಹತ್ತಿರ ಬಂದು ಕೂಗಿದ: "ಆರಿಸಿ ಹೇಳಿ, ಭಾವ!"

ಬೆಂಕಿಕಡ್ಡಿ ಅವನನ್ನು ಸುಟ್ಟುಬಿಡುವ ಹಾಗೆ ನೋಡಿದ. ಭಾವಮೈದುನ ಕದಲಲಿಲ್ಲ. ಮೇಲೆ ಮರ ಕಿರ್ರೆಂದಿತು. ಮೆಷಿನ್ ಆರಿತು. ಓಣಿಯ ಬಾಯಿಂದಾಚೆ ಬೇಕರಿಯವರೆಲ್ಲ ಬಿಳಿ ಕೈಗಳನ್ನು ಕಟ್ಟಿಕೊಂಡು ಸಾಲಾಗಿ ನಿಂತಿದ್ದರು.

"ತಪ್ಪಾಯ್ತು," ಎಂದ, ಬಾಯೊಳಗಿನ ಮೊಳೆ ಉಗುಳಿದ ಹಾಗೆ.

"ಯಾರದು?"

"ನಂದು ಕಣಯ್ಯಾ! ನಂದು, ನಂದು! ಕೇಳಿಸ್ತಾ, ಇಲ್ಲ ಮೈಕು ತರಿಸ್ಲಾ? ಈಗ ಹಗ್ಗ ಹಿಡಿತೀಯೋ, ಇಲ್ವೋ?"

ಭಾವಮೈದುನ ನಿಧಾನವಾಗಿ ಹೋಗಿ, ಕಂಬದ ಬುಡದ ಕೈಗವಸು ಎತ್ತಿ, ಧೂಳು ಕೊಡವಿ, ಒಂದೊಂದೇ ಬೆರಳು ಹಾಕಿಕೊಂಡು, ಗಂಟು ಬಿಚ್ಚಿದ. ಇವನು ಕೊಯ್ದ, ಅವನು ಎಳೆದ. ಮರ ಒಂದು ಗಳಿಗೆ ಯೋಚಿಸಿ, ಹೊಗೆಗೂಡಿಗೆ ಬೆನ್ನು ತಿರುಗಿಸಿ, ಖಾಲಿ ಸೈಟಿನ ತುಂಬ ಧೊಪ್ಪೆಂದು ಮಲಗಿತು.

ಅವತ್ತು ಸಂಜೆ ಮೆಷಿನ್ ಶೆಡ್ಡಿಗೆ ಹೋಯಿತು, ಅಡಿಗೊಂದು ಹಳೆಯ ತಟ್ಟೆ ಇಡಲಾಯಿತು. ಬೆಂಕಿಕಡ್ಡಿ ಒರೆಸುವ ಬಟ್ಟೆಯನ್ನು ಭಾವಮೈದುನನ ಎದೆಯ ಮೇಲೆ ಎಸೆದ.

"ಇವತ್ತಿನಿಂದ ಬಾರ್ ನೀನು ಬಿಚ್ಚು, ನೀನು ಒರೆಸು."

ಭಾವಮೈದುನ ಕೂತು ಒರೆಸತೊಡಗಿದ. ಬೆಂಕಿಕಡ್ಡಿ ಅವನ ನೆತ್ತಿಯ ಮೇಲೇ ಬಗ್ಗಿ ನಿಂತು, ಹಾಗಲ್ಲ, ಹೀಗೆ, ಕೈಯಲ್ಲಿ ಬಲ ಇಲ್ವಾ, ಮೂಲೆ ಬಿಟ್ಟೆಯಲ್ಲೋ, ಎಂದು ಕೊನೆಯವರೆಗೂ ಬೈದ. ಬೈದನೇ ಹೊರತು ಬಟ್ಟೆಯನ್ನು ವಾಪಸು ಕಿತ್ತುಕೊಳ್ಳಲಿಲ್ಲ.